ಹೆಸರು ಹೊತ್ತ ಕಲ್ಲುಗಳು

ಕೇಪ್‌ಟೌನ್ ಎಂದೊಡನೆ ಕಣ್ಣಿಗೆ ಕಟ್ಟುವುದು ಟೇಬಲ್ ಮೌಂಟನ್ನಿನ ಚಪ್ಪಟೆ ನೆತ್ತಿ, ಅದರ ಕೆಳಗೆ ಹರಡಿಕೊಂಡ ಊರು, ಬಂದರು. ಅದು ಬೆಟ್ಟದ ಉತ್ತರದ ಮುಖ. ಪೂರ್ವದ ಮೈ ಬೇರೆಯೇ ಇದೆ. ಅಲ್ಲಿ ಬಂಡೆ ಕಡಿದಾಗಿ ಇಳಿಯುತ್ತದೆ, ಸೀಳು ಕಣಿವೆಗಳಲ್ಲಿ ದಟ್ಟ ಕಾಡು ತುಂಬಿದೆ, ನೆತ್ತಿಗೆ ಸಿಕ್ಕಿಕೊಂಡ ಮೋಡ ಎಷ್ಟು ಹೊತ್ತಾದರೂ ಕದಲುವುದಿಲ್ಲ. ಕ್ರಿಕೆಟ್ ನೋಡುವವರು ಈ ಮೈಯನ್ನು ಟಿವಿಯಲ್ಲಿ ಬೇಕಾದಷ್ಟು ಸಲ ಕಂಡಿರುತ್ತಾರೆ. ನ್ಯೂಲ್ಯಾಂಡ್ಸ್ ಮೈದಾನದಲ್ಲಿ ಆಟ ನಡೆಯುವಾಗ ಹಿಂದೆ ಅರ್ಧ ಆಕಾಶವನ್ನು ತುಂಬಿ ನಿಲ್ಲುವುದು ಇದೇ. ಅಲ್ಲಿಂದ ಕೆಲವೇ ಕಿಲೋಮೀಟರು ಮೇಲೆ ಹೋದರೆ, ಆ ಬಂಡೆಯ ಬುಡದಲ್ಲೇ, ಕಿರ್ಸ್ಟನ್‌ಬಾಷ್ ರಾಷ್ಟ್ರೀಯ ಸಸ್ಯೋದ್ಯಾನ.

1913ರಲ್ಲಿ ಹುಟ್ಟಿದ ಈ ತೋಟದ್ದು ಆಗಿನ ಕಾಲಕ್ಕೆ ಹೊಸದೆನಿಸಿದ ಹಟ. ದೇಶದೇಶಗಳ ಗಿಡ ತಂದು ಮೆರೆಸುವುದು ಉಳಿದ ಸಸ್ಯೋದ್ಯಾನಗಳ ರೂಢಿಯಾಗಿದ್ದರೆ ಇಲ್ಲಿ ಈ ನೆಲದ ಗಿಡಕ್ಕಷ್ಟೇ ಜಾಗ. ಆದರೂ ನಮ್ಮ ಕಡೆಯವರಿಗೆ ಇಲ್ಲಿ ಪರಕೀಯ ಅನ್ನಿಸುವುದಿಲ್ಲ. ಬೆಂಗಳೂರಿನ ಬಾಲ್ಕನಿಗಳಲ್ಲಿ ಕುಂಡ ತುಂಬುವ ಜೆರೇನಿಯಂ, ಹೂವಿನಂಗಡಿಯ ಬಕೆಟ್ಟಿನಲ್ಲಿ ನಿಂತಿರುವ ಗ್ಲಾಡಿಯೋಲಸ್, ಕೋಲಾರ, ದೊಡ್ಡಬಳ್ಳಾಪುರದ ಪಾಲಿಹೌಸುಗಳಲ್ಲಿ ಬೆಳೆದು ಮದುವೆ ಮಂಟಪ ಸೇರುವ ಜರ್ಬೆರಾ, ಕಿತ್ತಳೆ ಜುಟ್ಟಿನ ಬರ್ಡ್ ಆಫ್ ಪ್ಯಾರಡೈಸ್, ಎಲ್ಲದರ ತವರೂ ದಕ್ಷಿಣ ಆಫ್ರಿಕಾದ ಕಡೆಯೇ. ಸೆಪ್ಟೆಂಬರ್ ಬಂತೆಂದರೆ ಅವರಿಗೆ ವಸಂತ. ನಾಮಾಕ್ವಾಲ್ಯಾಂಡ್ ಡೈಸಿಗಳು ಇಳಿಜಾರಿನ ಉದ್ದಕ್ಕೂ ಕೇಸರಿ, ಬಿಳಿ, ಹಳದಿಯಾಗಿ ಅರಳುತ್ತವೆ. ಅರಳುವುದು ಬಿಸಿಲು ಬಿದ್ದರೆ ಮಾತ್ರ. ಮೋಡ ಮುಚ್ಚಿತೋ, ಅರ್ಧ ಗಂಟೆಯಲ್ಲಿ ಇಡೀ ಇಳಿಜಾರು ದಳ ಮಡಚಿಕೊಂಡು ಬರೀ ಹಸಿರಾಗುತ್ತದೆ. ಪ್ರೋಟಿಯಾ ಪೊದೆಯ ಮೇಲೆ ಉದ್ದ ಬಾಲದ ಶುಗರ್‌ಬರ್ಡ್ ಕೂತು ಚಿರಗುಟ್ಟುತ್ತದೆ. ಚುಕ್ಕೆ ಚುಕ್ಕೆಯ ಗಿನಿಕೋಳಿಗಳು ಹಿಂಡಾಗಿ ಹುಲ್ಲು ಕೆದಕುತ್ತಾ ಜನರ ಕಾಲ ಸಂದಿಯಲ್ಲೇ ಓಡಾಡುತ್ತವೆ.

ಈ ಹುಲ್ಲಿನ ಮೇಲೆ, ಪೊದೆಗಳ ಪಕ್ಕ, ದಾರಿಯ ತಿರುವಿನಲ್ಲಿ ಕಲ್ಲುಗಳು ನಿಂತಿವೆ. ಜಿಂಬಾಬ್ವೆಯ ಶಿಲ್ಪಿಗಳು ಕಡೆದ ಶಿಲ್ಪಗಳು. ಸುತ್ತ ಗೋಡೆಯಿಲ್ಲ, ಹಗ್ಗ ಕಟ್ಟಿಲ್ಲ, ಗಾಜಿನ ಪೆಟ್ಟಿಗೆಯಿಲ್ಲ. ಕೆಲವು ಮರದ ದಿಮ್ಮಿಯ ಮೇಲೆ ಕೂತಿವೆ, ದೊಡ್ಡವು ನೇರ ನೆಲದ ಮೇಲೇ. ಒಂದು ಹೆಣ್ಣು ಮೊಣಕಾಲೂರಿ ಕುಳಿತು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದ್ದಾಳೆ. ಮುಖ, ಕತ್ತು, ಹೆಗಲು ಕನ್ನಡಿಯಷ್ಟು ನುಣುಪು. ಸೊಂಟದ ಕೆಳಗೆ ಶಿಲ್ಪಿ ಕಲ್ಲನ್ನು ಮುಟ್ಟಿಯೇ ಇಲ್ಲ. ಗಣಿಯಿಂದ ಬಂದಾಗ ಅದರ ಮೇಲಿದ್ದ ಕಂದು, ತುಕ್ಕಿನ ಬಣ್ಣದ ಒರಟು ಸಿಪ್ಪೆಯೇ ಅವಳ ಸೀರೆ. (ಸೀರೆ ನಾನು ಕಂಡದ್ದು. ಅಲ್ಲಿನವರ ಪ್ರಕಾರ ಅದು ಲಂಗ.) ಅಲ್ಲೇ ಆಚೆ ಒಂದು ಮುಖ ಅರ್ಧ ಮಾತ್ರ ಬಂಡೆಯಿಂದ ಈಚೆ ಬಂದಿದೆ. ಒಂದು ಕಣ್ಣು, ಅರ್ಧ ಮೂಗು, ತುಟಿಯ ಅಂಚು. ಉಳಿದರ್ಧ ಇನ್ನೂ ಒಳಗಿದೆಯೆಂದು ನಂಬುವಷ್ಟು ಖಚಿತವಾಗಿ ಕಡೆದಿದ್ದಾರೆ. ಹಾರಲು ಹೊರಟ ಕೊಕ್ಕರೆಗಳಿವೆ. ಒಬ್ಬರ ಬೆನ್ನು ಹಾರಿ ಇನ್ನೊಬ್ಬರು ನೆಗೆಯುವ ಮಕ್ಕಳಿದ್ದಾರೆ. ಮಕ್ಕಳ ಮುಖಕ್ಕೆ ಕಣ್ಣು, ಮೂಗು ಯಾವುದೂ ಇಲ್ಲ. ಕೈಕಾಲಿನ ಎಸೆತದಲ್ಲೇ ನಗು ಕೇಳುತ್ತದೆ.

ಬೆಳಗಿನಿಂದ ಒಣಗಿ ನಿಂತಿದ್ದ ಒಂದು ಗುಂಡಗಿನ ತಲೆಯ ಮೇಲೆ ಅಲ್ಲಿನ ಕೆಲಸದ ಹುಡುಗ ಚೊಂಬಿನಷ್ಟು ನೀರು ಸುರಿದ. ಅದುವರೆಗೆ ಬೂದಿಬಣ್ಣದ ಸಾಧಾರಣ ಕಲ್ಲಾಗಿದ್ದದ್ದು ನೀರು ಇಳಿದಲ್ಲೆಲ್ಲ ಕಡುಹಸಿರಾಯಿತು. ಹಸಿರಿನೊಳಗೆ ಹಾಲಿನ ಬಣ್ಣದ ಎಳೆಗಳು, ಎಳೆಗಳ ನಡುವೆ ಜೇನುಬಣ್ಣದ ಚುಕ್ಕೆಗಳು. ಹಣೆಯ ಮೇಲಿಂದ ಒಂದು ಗೆರೆ ಇಳಿದು ಕೆನ್ನೆಯಲ್ಲಿ ಕವಲಾಗಿತ್ತು. ಶಿಲ್ಪಿ ಆ ಗೆರೆಯನ್ನು ಮೊದಲೇ ನೋಡಿ ಅದು ಕೆನ್ನೆಗೇ ಬರುವಂತೆ ಮುಖ ತಿರುಗಿಸಿದ್ದಾನೆ. ಬಿಸಿಲಿಗೆ ನೀರು ಆರಿದಂತೆ ಬಣ್ಣವೆಲ್ಲ ಒಳಕ್ಕೆ ಹೋಗಿ ಮತ್ತೆ ಬೂದಿ ಉಳಿಯಿತು. ಮೇಣ ಹಚ್ಚಿ ತಿಂಗಳುಗಳಾಗಿವೆ, ಇನ್ನೊಮ್ಮೆ ಹಚ್ಚಬೇಕು ಎಂದು ಅವನು ಹೇಳಿದ್ದರ ಅರ್ಥ ಆಗ ಆಯಿತು.

ಈ ಮೇಣದ ಕೆಲಸವೇ ಒಂದು ಶಾಸ್ತ್ರ. ಉಳಿ, ಸುತ್ತಿಗೆ, ಅರಗಳ ಕೆಲಸ ಮುಗಿದ ಮೇಲೆ ಕಲ್ಲನ್ನು ನೀರಿನಲ್ಲಿಟ್ಟು ಸ್ಯಾಂಡ್‌ಪೇಪರಿನಿಂದ ಉಜ್ಜುತ್ತಾರೆ. ಮೊದಲು ಒರಟು ಕಾಗದ, ಆಮೇಲೆ ನಯ, ಇನ್ನೂ ನಯ. ಅಂಗೈಗೆ ಒಂದು ಗೀರೂ ಸಿಗದಷ್ಟು ಆಗುವವರೆಗೆ ದಿನಗಟ್ಟಲೆ ಇದೇ. ಮನೆಯವರು, ಶಿಷ್ಯರು, ನೆರೆಯ ಹುಡುಗರು ಎಲ್ಲರೂ ಕೈಹಾಕುತ್ತಾರೆ. ಆಮೇಲೆ ಕಲ್ಲಿಗೆ ಬೆಂಕಿ ತಾಗಿಸಿ ಕಾಯಿಸುತ್ತಾರೆ. ಸುಡುವ ಕಲ್ಲಿಗೆ ಮೇಣ ತಾಗಿಸಿದರೆ ಅದು ಕರಗಿ ಒಳಗಿಳಿಯುತ್ತದೆ, ಆ ಕ್ಷಣದಲ್ಲೇ ಒಳಗಿನ ಬಣ್ಣ ಮೇಲೆ ಬರುತ್ತದೆ. ಅಲ್ಲಿಯವರೆಗೆ ತಾನು ಕಡೆಯುತ್ತಿರುವ ಕಲ್ಲಿನ ನಿಜವಾದ ಬಣ್ಣ ಶಿಲ್ಪಿಗೂ ಪೂರ್ತಿ ಗೊತ್ತಿರುವುದಿಲ್ಲ. ಬೆಂಕಿ ಹೆಚ್ಚಾದರೆ ಬಿರುಕು ಬಿಟ್ಟು ತಿಂಗಳ ದುಡಿಮೆ ಹೋಳಾಗುವುದೂ ಉಂಟು.

ಹೆಚ್ಚಿನವು ಸರ್ಪೆಂಟೈನ್ ಜಾತಿಯ ಕಲ್ಲುಗಳು. ಅವುಗಳಲ್ಲೇ ನೂರು ಬಗೆ. ಕಪ್ಪಗೆ ಗಟ್ಟಿಯಾಗಿ, ಉಳಿ ತಾಗಿದರೆ ಠಣ್ಣೆನ್ನುವ ಸ್ಪ್ರಿಂಗ್‌ಸ್ಟೋನ್ ಶಿಲ್ಪಿಗಳಿಗೆ ಅಚ್ಚುಮೆಚ್ಚು. ಮುಂಚೆ ಹೇಳಿದ ಹೆಣ್ಣಿನ ಲಂಗದ ಕಂದು ಸಿಪ್ಪೆ ಅದರದೇ. ಹಾಲುಹಸಿರಿನ ಓಪಲ್ ಕಲ್ಲು ಇದೆ, ನೇರಳೆ ಛಾಯೆಯ ಕೋಬಾಲ್ಟ್ ಕಲ್ಲು ಇದೆ. ಇಂಥ ಕಲ್ಲುಗಳು ಸಿಗುವ ಗ್ರೇಟ್ ಡೈಕ್ ಎಂಬ ಶಿಲಾಪಟ್ಟಿ ಜಿಂಬಾಬ್ವೆಯನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಹೋಗುತ್ತದೆ. ಸುಮಾರು 550 ಕಿಲೋಮೀಟರು ಉದ್ದ, ವಯಸ್ಸು 250 ಕೋಟಿ ವರ್ಷ ದಾಟಿದೆ. ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಕಡಲೆಕಾಯಿ ತಿಂದವರಿಗೆ ಈ ಲೆಕ್ಕ ಹೊಸದಲ್ಲ. ನಮ್ಮದು ಇನ್ನೂ ಹಿರಿಯದು, 300 ಕೋಟಿ ವರ್ಷದ್ದು.

ನನಗೆ ಇವುಗಳ ಎದುರು ಮತ್ತೆ ಮತ್ತೆ ನೆನಪಾದದ್ದು ಬೇಲೂರು. ಶಿಲ್ಪದ ಮಟ್ಟಿಗೆ ಎರಡಕ್ಕೂ ಯಾವ ಹೋಲಿಕೆಯೂ ಇಲ್ಲ. ಹೊಯ್ಸಳರ ಶಿಲ್ಪಿ ಒಂದು ಗೇಣು ಜಾಗವನ್ನೂ ಖಾಲಿ ಬಿಡದೆ ಬಳೆ, ಬಳ್ಳಿ, ಸರಪಣಿ ಕೊರೆದ. ಇಲ್ಲಿನವರು ಅರ್ಧ ಕಲ್ಲನ್ನು ಹಾಗೇ ಬಿಡುತ್ತಾರೆ. ನೆನಪಾದದ್ದು ಕಲ್ಲಿನ ಗುಣದಿಂದ. ಹೊಯ್ಸಳರು ಹಿಡಿದದ್ದು ಬಳಪದ ಕಲ್ಲು. ಗಣಿಯಿಂದ ಬಂದಾಗ ಉಳಿಗೆ ಒಗ್ಗುವಷ್ಟು ಮೃದು, ಗಾಳಿ ಬಿಸಿಲಿಗೆ ಬಿಟ್ಟಂತೆ ಗಟ್ಟಿ. ಜಿಂಬಾಬ್ವೆಯವರೂ ಬಳಪದ ಕಲ್ಲಿನಿಂದಲೇ ಶುರುಮಾಡಿದವರು, ಅದೂ ಏಳೆಂಟು ನೂರು ವರ್ಷಗಳ ಹಿಂದೆ. ಗ್ರೇಟ್ ಜಿಂಬಾಬ್ವೆ ಎಂಬ ಹಳೆಯ ರಾಜಧಾನಿಯಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಟ್ಟಿದ ಎತ್ತರದ ಗೋಡೆಗಳಿವೆ. ಅಲ್ಲಿ ಬಳಪದ ಕಲ್ಲಿನ ಕಂಬಗಳ ತುದಿಯಲ್ಲಿ ಹಕ್ಕಿಗಳು ಕುಳಿತಿದ್ದವು. ಇಂದು ಆ ದೇಶದ ಬಾವುಟದಲ್ಲಿರುವುದು ಆ ಹಕ್ಕಿಯೇ.

ಆ ಹಕ್ಕಿಗಳಲ್ಲಿ ಒಂದರ ಕತೆ ಈ ತೋಟಕ್ಕೆ ನೇರ ಬಂದು ಮುಟ್ಟುತ್ತದೆ. ಕಿರ್ಸ್ಟನ್‌ಬಾಷ್‌ನಲ್ಲಿ ಕರ್ಪೂರದ ಮರಗಳ ಒಂದು ಸಾಲಿದೆ. ದೇಶಿ ಗಿಡಗಳ ತೋಟದಲ್ಲಿ ಏಷ್ಯಾದ ಈ ಮರಗಳನ್ನು ಉಳಿಸಿಕೊಂಡಿರುವುದು ಇತಿಹಾಸದ ಗುರುತಿಗಾಗಿ. 1898ರಲ್ಲಿ ಅವನ್ನು ನೆಡಿಸಿದವನು ಸೆಸಿಲ್ ರೋಡ್ಸ್. 1895ರಲ್ಲಿ ಈ ಜಾಗ ಕೊಂಡವನೂ 1902ರಲ್ಲಿ ಸಾಯುವಾಗ ಉಯಿಲಿನಲ್ಲಿ ಇದನ್ನು ಸಾರ್ವಜನಿಕರಿಗೆ ಬಿಟ್ಟುಹೋದವನೂ ಅವನೇ. ಜಿಂಬಾಬ್ವೆಯ ನೆಲವನ್ನು ತನ್ನ ಕಂಪನಿಯ ಸೈನ್ಯದಿಂದ ಹಿಡಿಸಿ, ರೊಡೇಷಿಯಾ ಎಂದು ತನ್ನ ಹೆಸರನ್ನೇ ಅದಕ್ಕೆ ಇಡಿಸಿಕೊಂಡವನೂ ಅವನೇ. 1889ರಲ್ಲಿ ಬೇಟೆಗಾರನೊಬ್ಬ ಗ್ರೇಟ್ ಜಿಂಬಾಬ್ವೆಯಿಂದ ಒಂದು ಕಲ್ಲು ಹಕ್ಕಿಯನ್ನು ಕಂಬದಿಂದ ಬೇರ್ಪಡಿಸಿ ತಂದ. ರೋಡ್ಸ್ ಅದನ್ನು ಕೊಂಡು, ಇದೇ ಬೆಟ್ಟದ ಬುಡದಲ್ಲಿರುವ ತನ್ನ ಗ್ರೂಟೆ ಸ್ಕೂರ್ ಬಂಗಲೆಯಲ್ಲಿಟ್ಟುಕೊಂಡ. ಅದರ ನಕಲುಗಳನ್ನು ಮನೆಯ ಅಲಂಕಾರಕ್ಕೂ ಮಾಡಿಸಿದ. ಹಕ್ಕಿ ಅಷ್ಟು ಇಷ್ಟವಾಯಿತು, ಆದರೆ ಅದನ್ನು ಕಡೆದದ್ದು ಕರಿಯರು ಎಂದು ಒಪ್ಪುವ ಮನಸ್ಸು ಆ ಕಾಲದ ಬಿಳಿಯರಿಗೆ ಬರಲಿಲ್ಲ. ಫಿನೀಷಿಯನ್ನರು ಕಟ್ಟಿದ್ದು ಎಂದರು, ಶೀಬಾದ ರಾಣಿಯ ಊರು ಎಂದರು. 1905ರಲ್ಲಿ ರ‍್ಯಾಂಡಲ್ ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಮ್ಸನ್ ಅಗೆದು ನೋಡಿ ಇದು ಆಫ್ರಿಕದವರದೇ ಕೆಲಸ ಎಂದು ತೋರಿಸಿದ ಮೇಲೂ ರೊಡೇಷಿಯಾದ ಸರ್ಕಾರಕ್ಕೆ ಅದು ರುಚಿಸಲಿಲ್ಲ. ದೇಶ ಸ್ವತಂತ್ರವಾದ ಮರುವರ್ಷ, 1981ರಲ್ಲಿ, ಕೇಪ್‌ಟೌನಿನ ವಸ್ತುಸಂಗ್ರಹಾಲಯದಲ್ಲಿದ್ದ ಹಕ್ಕಿಗಳನ್ನು ದಕ್ಷಿಣ ಆಫ್ರಿಕಾ ಹಿಂದಿರುಗಿಸಿತು. ಬದಲಿಗೆ ಜಿಂಬಾಬ್ವೆಯಿಂದ ಕಣಜ, ಜೇನ್ನೊಣ, ಇರುವೆಗಳ ದೊಡ್ಡ ಕೀಟಸಂಗ್ರಹವನ್ನು ಪಡೆಯಿತು. ರೋಡ್ಸ್ ಮನೆಯ ಹಕ್ಕಿ ಮಾತ್ರ ಉಯಿಲಿನ ಕಾರಣಕ್ಕೆ ಆಗಲೂ ಅಲ್ಲೇ ಉಳಿಯಿತು.

ಹಕ್ಕಿ ಕಡೆದವನ ಹೆಸರು ಯಾರಿಗೂ ಗೊತ್ತಿಲ್ಲ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ವಿಗ್ರಹದ ಕೆಳಗೆ ಹೆಸರು ಕೊರೆದು ಹೋದರು, ಅದರಿಂದ ನಮಗೆ ಅವರು ಮನುಷ್ಯರಾಗಿ ಉಳಿದರು. ಕಿರ್ಸ್ಟನ್‌ಬಾಷ್‌ನ ಹುಲ್ಲಿನ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಪ್ರತಿ ಕಲ್ಲಿನ ಬಳಿ ಒಂದು ಚೀಟಿ. ಶಿಲ್ಪದ ಹೆಸರು, ಕಲ್ಲಿನ ಜಾತಿ, ಕಡೆದವರ ಹೆಸರು. ಹಕ್ಕಿ ಕೊಂಡೊಯ್ದವನು ಬಿಟ್ಟುಹೋದ ನೆಲದ ಮೇಲೆ ಹಕ್ಕಿ ಕಡೆದವರ ನಾಡಿನವರು ಹೆಸರಿಟ್ಟುಕೊಂಡು ನಿಂತಿದ್ದಾರೆ. ಇದೇ ಬೆಟ್ಟದ ಇಳಿಜಾರಿನಲ್ಲಿರುವ ಕೇಪ್‌ಟೌನ್ ವಿಶ್ವವಿದ್ಯಾಲಯದಿಂದ ರೋಡ್ಸ್ ಪ್ರತಿಮೆಯನ್ನು 2015ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ಹೋರಾಟದ ನಡುವೆ ಕ್ರೇನಿನಿಂದ ಎತ್ತಿ ಒಯ್ದರು. ಈ ಕಲ್ಲುಗಳನ್ನು ತಂದಿಡಲು ಅಂಥ ಯಾವ ಗದ್ದಲವೂ ಆಗಲಿಲ್ಲ. ಆದರೆ ಎರಡೂ ಒಂದೇ ಲೆಕ್ಕದ ಜಮಾ ಖರ್ಚು ಎಂದೇ ನಾನು ತಿಳಿದಿದ್ದೇನೆ.

ಈ ಹೆಸರುಗಳು ಸುಲಭವಾಗಿ ಬರಲಿಲ್ಲ. ಹಕ್ಕಿ ಕಡೆದವರ ಕಾಲಕ್ಕೂ ಇಂದಿನವರಿಗೂ ನಡುವೆ ಶತಮಾನಗಳ ಖಾಲಿ ಇದೆ. ಕಲ್ಲಿನ ಕೆಲಸ ಮತ್ತೆ ಹೊತ್ತಿಕೊಂಡದ್ದು 1950ರ ದಶಕದ ಕೊನೆಗೆ, ಪೂರ್ವದ ನ್ಯಾಂಗಾ ಬೆಟ್ಟಗಳಲ್ಲಿ. ಜೋರಾಂ ಮರಿಗಾ ಅಲ್ಲಿ ಕೃಷಿ ಇಲಾಖೆಯ ಕೆಲಸದಲ್ಲಿದ್ದರು. ರಸ್ತೆ ಅಗೆಯುವಾಗ ಮೃದುವಾದ ಹಸಿರು ಕಲ್ಲು ಸಿಕ್ಕಿತು. ಬಿಡುವಿನಲ್ಲಿ ಕೊರೆದರು, ಜೊತೆಗಾರರಿಗೆ ಕಲಿಸಿದರು. ತಕವಿರಾ ಸೋದರರು ಅವರ ಕೈಕೆಳಗೆ ಬೆಳೆದರು. 1957ರಲ್ಲಿ ಸಾಲಿಸ್ಬರಿಯಲ್ಲಿ, ಎಂದರೆ ಇಂದಿನ ಹರಾರೆಯಲ್ಲಿ, ರಾಷ್ಟ್ರೀಯ ಗ್ಯಾಲರಿ ತೆರೆದಿತ್ತು. ಅದರ ಮೊದಲ ನಿರ್ದೇಶಕ ಫ್ರಾಂಕ್ ಮೆಕ್ಇವನ್ ಪ್ಯಾರಿಸ್ಸಿನಲ್ಲಿ ಪಿಕಾಸೋ, ಮಾತೀಸರನ್ನು ಬಲ್ಲವರು. ಯುರೋಪಿನ ಕಲೆ ತುಂಬಲು ಕಟ್ಟಿದ ಗ್ಯಾಲರಿಯಲ್ಲಿ ಅವರು ಊರವರಿಗೆ ಬಣ್ಣ, ಕಲ್ಲು ಕೊಟ್ಟು ಕೂರಿಸಿದರು. 1971ರಲ್ಲಿ ಪ್ಯಾರಿಸ್ಸಿನ ರೋಡಾನ್ ಮ್ಯೂಸಿಯಂನಲ್ಲಿ ಈ ಶಿಲ್ಪಗಳು ನಿಂತವು.

ಇನ್ನೊಂದು ಕವಲು ಉತ್ತರದ ಗುರುವೆ ಕಡೆಯದು, ನನಗೆ ಹೆಚ್ಚು ಹತ್ತಿರವಾದದ್ದು. 1965ರ ನವೆಂಬರಿನಲ್ಲಿ ರೊಡೇಷಿಯಾದ ಬಿಳಿಯ ಸರ್ಕಾರ ಬ್ರಿಟನ್ನಿನಿಂದ ತಾನೇ ಬಿಡುಗಡೆ ಘೋಷಿಸಿಕೊಂಡಿತು, ಜಗತ್ತು ದಿಗ್ಬಂಧನ ಹೇರಿತು, ಹೊಗೆಸೊಪ್ಪು ಕೊಳ್ಳುವವರಿಲ್ಲವಾದರು. ಟಾಮ್ ಬ್ಲೂಮ್‌ಫೀಲ್ಡ್ ಎಂಬ ಹೊಗೆಸೊಪ್ಪಿನ ಬೆಳೆಗಾರನಿಗೆ ಆಳುಗಳನ್ನು ಕಳಿಸದೆ ಬೇರೆ ದಾರಿಯಿರಲಿಲ್ಲ. ಆಗ ಕ್ರಿಸ್ಪಿನ್ ಚಕನ್ಯುಕ ಎಂಬ ಶಿಲ್ಪಿ ಬಂದು, ನಿಮ್ಮ ಗುಡ್ಡದ ತುಂಬ ಕೆತ್ತುವ ಕಲ್ಲಿದೆಯಲ್ಲ ಎಂದು ತೋರಿಸಿದರು. 1966ರಲ್ಲಿ ತೆಂಗೆನೆಂಗೆ ಶಿಲ್ಪಗ್ರಾಮ ಹುಟ್ಟಿತು. ಟ್ರ್ಯಾಕ್ಟರ್ ಓಡಿಸುತ್ತಿದ್ದವರು, ಇಟ್ಟಿಗೆ ಕೊಯ್ಯುತ್ತಿದ್ದವರು, ಮಲಾವಿ, ಮೊಜಾಂಬಿಕ್, ಅಂಗೋಲ, ಜಾಂಬಿಯಾದಿಂದ ಕೂಲಿಗೆ ಬಂದವರು ಉಳಿ ಹಿಡಿದರು. ಜಗತ್ತು ಈ ಎಲ್ಲವನ್ನೂ ಶೋನಾ ಶಿಲ್ಪ ಎಂದೇ ಕರೆಯಿತು, ಶೋನಾ ಜನರ ಪೂರ್ವಜರ ಆತ್ಮ ಕಲ್ಲಿನಲ್ಲಿದೆ ಎಂಬ ಮಾತಿಗೆ ಗಿರಾಕಿಗಳೂ ಸಿಕ್ಕರು. ತೆಂಗೆನೆಂಗೆಯ ಬಹಳಷ್ಟು ಜನ ಶೋನಾಗಳೇ ಅಲ್ಲ. ಕಡೆದವರನ್ನು ಒಂದೊಂದೇ ಹೆಸರಿನಿಂದ ನೋಡಬೇಕಾದದ್ದು ಇದಕ್ಕಾಗಿಯೇ.

ಬರ್ನಾರ್ಡ್ ಮಟೆಮೆರಾ ಅವರ ಮನುಷ್ಯರು ಊದಿದ ಮೈಯವರು, ಕೈಗೆ ಮೂರೇ ಬೆರಳು. ಅವರಿಗೆ 1986ರಲ್ಲಿ ದೆಹಲಿಯ ಲಲಿತ ಕಲಾ ಅಕಾಡೆಮಿಯ ಟ್ರಿನಾಲೆಯಲ್ಲಿ ಪ್ರಶಸ್ತಿ ಬಂದದ್ದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಜಾಂಬಿಯಾದಲ್ಲಿ ಹುಟ್ಟಿದ ಫನಿಜಾನಿ ಅಕುಡಾ ಕಡೆದ ತಲೆಗಳಿಗೆ ಕಣ್ಣು ಬರೀ ಸಣ್ಣ ಸೀಳು, ಬಾಯಿ ಸಿಳ್ಳೆ ಹಾಕುವ ಗುಂಡು ರಂಧ್ರ. ಕಲ್ಲಿನ ಪುಡಿ ಕಣ್ಣಿಗೆ ಬೀಳಬಾರದೆಂದು ಕಣ್ಣು ಕಿರಿದಾಗಿಸಿದೆ ಎಂದು ಅವರೇ ಹೇಳುತ್ತಿದ್ದರೆಂದು ಪ್ರತೀತಿ. ಕೊಲೀನ್ ಮದಮೊಂಬೆ ಸ್ಪ್ರಿಂಗ್‌ಸ್ಟೋನಿನ ತುಕ್ಕುಬಣ್ಣದ ಸಿಪ್ಪೆಯನ್ನು ಲಂಗವಾಗಿಸಿ ಗಟ್ಟಿಗಿತ್ತಿ ಹೆಂಗಸರನ್ನು ಕಡೆದರು. 2009ರಲ್ಲಿ, ಐವತ್ತೂ ಆಗದೆ ತೀರಿಕೊಂಡರು. ಮುಖವಿಲ್ಲದ ಮಕ್ಕಳ ಆಟಕ್ಕೆ ಡೊಮಿನಿಕ್ ಬೆನ್ಹುರಾ ಹೆಸರುವಾಸಿ. ಇಂದು ಕಿರ್ಸ್ಟನ್‌ಬಾಷ್‌ನ ಹುಲ್ಲಿನ ಮೇಲಿರುವ ಹೊಸಬರ ಕೆಲಸದಲ್ಲಿ ಈ ಹಿರಿಯರ ಕೈಗುರುತು ಎದ್ದು ಕಾಣುತ್ತದೆ. ಕೆಲವೊಮ್ಮೆ ತೀರಾ ಎದ್ದು ಕಾಣುತ್ತದೆ. ಅಪ್ಪಿಕೊಂಡ ಪ್ರೇಮಿಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಸಾಲಾಗಿ ನಿಂತಿದ್ದರು, ಅವುಗಳ ಮುಂದೆ ನನಗೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಪ್ರವಾಸಿಗರು ಕೇಳುವುದು ಅದನ್ನೇ, ಹೊಟ್ಟೆಪಾಡಿಗೆ ಕಡೆಯುವುದೂ ಅದನ್ನೇ. ನೂರು ಪ್ರೇಮಿಗಳನ್ನು ಮಾರಿದ ದುಡ್ಡಿನಲ್ಲಿ ಒಬ್ಬ ಶಿಲ್ಪಿ ಆ ಅರ್ಧ ಮುಖದಂಥ ಒಂದನ್ನು ಕಡೆಯುವ ಬಿಡುವು ಪಡೆದಿದ್ದರೆ ಅಷ್ಟೇ ಸಾಕು.

ಹೊಟ್ಟೆಪಾಡಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 2000ದ ನಂತರ ಜಿಂಬಾಬ್ವೆಯ ಆರ್ಥಿಕತೆ ಕುಸಿಯಿತು, ಪ್ರವಾಸಿಗರು ನಿಂತರು. 2009ರ ಜನವರಿಯಲ್ಲಿ ಅಲ್ಲಿ ನೂರು ಲಕ್ಷ ಕೋಟಿ ಡಾಲರಿನ ನೋಟು ಅಚ್ಚಾಯಿತು. ಹರಾರೆಯ ಅಂಗಳದಲ್ಲಿ ಕೊಳ್ಳುವವರಿಲ್ಲದ ಕಲ್ಲುಗಳು ಲಾರಿ ಏರಿ ಬೈಟ್‌ಬ್ರಿಜ್ ಗಡಿ ದಾಟಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿ ಇಲ್ಲಿಗೆ ಬರತೊಡಗಿದವು. ಅದೇ ಗಡಿ ದಾಟಿ ಲಕ್ಷಗಟ್ಟಲೆ ಜನರೂ ಬಂದರು. ಕೇಪ್‌ಟೌನಿನಲ್ಲಿ ಟ್ಯಾಕ್ಸಿ ಓಡಿಸುವವರಲ್ಲಿ, ಹೋಟೆಲಿನಲ್ಲಿ ತಟ್ಟೆ ತರುವವರಲ್ಲಿ, ಸಿಗ್ನಲ್ಲಿನಲ್ಲಿ ತಂತಿಯ ಗೊಂಬೆ ಮಾರುವವರಲ್ಲಿ ಊರು ಕೇಳಿದರೆ ಜಿಂಬಾಬ್ವೆ ಎನ್ನುವವರು ಎಷ್ಟೋ ಮಂದಿ. 2008ರ ಮೇ ತಿಂಗಳಲ್ಲಿ ಪರದೇಶಿಗಳ ಮೇಲೆ ನಡೆದ ಹಲ್ಲೆಗಳಲ್ಲಿ ಅವರ ಗುಡಿಸಲುಗಳೂ ಸುಟ್ಟವು. ಕಲ್ಲಿಗೆ ತೋಟದಲ್ಲಿ ಸಿಕ್ಕ ಆದರ ಕಲ್ಲು ಕಡೆದವರ ಅಣ್ಣತಮ್ಮಂದಿರಿಗೆ ಬೀದಿಯಲ್ಲಿ ಸಿಕ್ಕಿಲ್ಲ. ಶಿಲ್ಪದ ಚೆಲುವನ್ನು ಹೊಗಳುವಾಗ ನನಗೆ ಈ ಸಂಕಟವನ್ನು ಬದಿಗಿಡಲಾಗುವುದಿಲ್ಲ.

ಇಂಥ ಶಿಲ್ಪಕ್ಕೆ ಬಯಲೇ ಸರಿ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಇವು ಹುಟ್ಟಿದ್ದೇ ಬಯಲಿನಲ್ಲಿ, ಮರದ ನೆರಳಿನಲ್ಲಿ, ಕೋಳಿ ಮಕ್ಕಳು ಓಡಾಡುವ ಅಂಗಳದಲ್ಲಿ. ಗ್ಯಾಲರಿಯ ದೀಪ ಒಂದೇ ಕಡೆಯಿಂದ ಬೀಳುತ್ತದೆ, ಸಂಜೆಯವರೆಗೂ ಹಾಗೇ ಇರುತ್ತದೆ. ಇಲ್ಲಿ ಬೆಳಗಿನ ಓರೆಬಿಸಿಲಿಗೆ ಮೊಣಕಾಲೂರಿದ ಹೆಣ್ಣಿನ ಕೆನ್ನೆ ಬೆಳಗುತ್ತದೆ. ಮಧ್ಯಾಹ್ನ ದಾಟಿದ ಮೇಲೆ ಬೆಟ್ಟದ ನೆರಳು ಬೇಗನೆ ಇಳಿದು ಬಂದು ಅವಳ ಮುಖ ಮುಚ್ಚಿ, ಒರಟು ಲಂಗದ ಒಂದೊಂದು ಹಕ್ಕಳೆಯನ್ನೂ ಎತ್ತಿ ತೋರಿಸುತ್ತದೆ. ಮಳೆ ಬಂದರೆ ಎಲ್ಲ ಕಲ್ಲುಗಳ ಬಣ್ಣವೂ ಒಟ್ಟಿಗೆ ಏಳುತ್ತದೆ. ಈ ಊರಿನ ಮಳೆಗಾಲ ಚಳಿಗಾಲದಲ್ಲಿ. ಜೂನ್, ಜುಲೈನಲ್ಲಿ ಬೆಟ್ಟದ ಈ ಮೈಗೆ ಜೋರು ಮಳೆ. ಹೂವು ಕಡಿಮೆಯಿರುವ ಆ ತಿಂಗಳುಗಳಲ್ಲಿ ತೋಟಕ್ಕೆ ಬಣ್ಣ ಬರುವುದು ಕಲ್ಲಿನಿಂದ. ಬೇಸಿಗೆಯ ಆಗ್ನೇಯ ಗಾಳಿ ಮರಗಳನ್ನು ಬಗ್ಗಿಸಿ ಬೀಸುವಾಗ ಅಲುಗದೆ ಇರುವುದೂ ಇವಷ್ಟೇ.

ಮುಟ್ಟಬಾರದು ಎಂದು ಯಾರೂ ಗದರಲಿಲ್ಲ. ಅಜ್ಜಿಯೊಬ್ಬರು ಆನೆಯ ಬೆನ್ನಿಗೆ ಕೈಯೂರಿ ಚಪ್ಪಲಿ ಸರಿಮಾಡಿಕೊಂಡರು. ಆಮೇಲೆ ಶಾಲೆಯ ಮಕ್ಕಳ ದಂಡೇ ಬಂತು. ನೀಲಿ ಸ್ವೆಟರು, ಕೈಯಲ್ಲಿ ಗಿಡಗಳ ಹೆಸರು ಬರೆದುಕೊಳ್ಳುವ ಹಾಳೆ. ಸಿಳ್ಳೆ ಹಾಕುವ ತಲೆಯೊಂದರ ಮುಂದೆ ಹಾಳೆಗಳೆಲ್ಲ ಮಡಚಿ ಜೇಬು ಸೇರಿದವು. ಒಬ್ಬ ಸಿಳ್ಳೆ ಹಾಕಿದ, ಇನ್ನೊಬ್ಬ ಅದರ ಬಾಯಿಗೆ ಬೆರಳು ತೂರಿದ, ಮೂರನೆಯವನಿಗೆ ಸಿಳ್ಳೆ ಬಾರದೆ ಬರೀ ಗಾಳಿ ಬಂತು. ಟೀಚರ್ ಚೀಟಿಯ ಕಡೆ ಕೈತೋರಿಸಿದರು. ಎರಡು ಜಡೆಯ ಹುಡುಗಿ ಮುಂದೆ ಬಂದು ಗಂಟಲು ಸರಿಮಾಡಿಕೊಂಡು ಜೋರಾಗಿ ಓದಿದಳು. ಮೊದಲು ಕಲ್ಲಿನ ಹೆಸರು. ಆಮೇಲೆ ಕಡೆದವರ ಹೆಸರು, ಅದನ್ನು ಒಂದು ಸಲ ತಡವರಿಸಿ, ಇನ್ನೊಂದು ಸಲ ಸರಿಯಾಗಿ. ಕೊನೆಗೆ ಬೆಲೆ. ಬೆಲೆ ಕೇಳಿ ಇಡೀ ದಂಡು ಹೋ ಎಂದು ಕೂಗಿತು, ಗಿನಿಕೋಳಿಗಳು ದಿಕ್ಕಾಪಾಲಾಗಿ ಓಡಿದವು.